ಬೀಜದ ಫೋಟೋ ನೋಡಿ ಕಸುವು ಹೇಳಬಹುದಾ? ಹೊಸ ಲಾಟ್ ಬಂದ ಕೂಡಲೇ ನನ್ನ ಮಾಡೆಲ್ ಮುಗ್ಗರಿಸಿತು

ಕಾಳುಗಣ್ಣು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಕೇಳುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ತಾಳಿಕೊಳ್ಳಿ.

ಸೋಯಾಬೀನ್ ಬೀಜದ ಫೋಟೋ ತೆಗೆದು, ಅದರಿಂದಲೇ ಬೀಜದ ಕಸುವು (ನೀವೆಲ್ಲ ವಿಗರ್ ಅನ್ನುತ್ತೀರಲ್ಲ, ಅದೇ) ಅಂದಾಜು ಮಾಡುವ ಹುಚ್ಚು ಹಿಡಿದಿದೆ. ನನ್ನ ಹತ್ತಿರ ಮೂರು ಲಾಟ್ (ಒಟ್ಟಿಗೆ ಬಂದ ಒಂದು ಕಂತು ಬೀಜಕ್ಕೆ ಲಾಟ್ ಅನ್ನುತ್ತಾರೆ) ಇತ್ತು. ಒಂದು ಹೊಸ ಕೊಯ್ಲಿನದು. ಇನ್ನೊಂದು ಒಂದು ವರ್ಷ ಇಟ್ಟದ್ದು. ಮೂರನೆಯದು ಎಷ್ಟು ಹಳೆಯದು ಅಂತ ಲೆಕ್ಕವಿಲ್ಲ, ಮೊಳಕೆ ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಕೊಳೆತುಹೋಯಿತು. ಬಿಳಿ ಹಾಳೆಯ ಮೇಲೆ ಕಾಳು ಹರಡಿ ಫೋನಿನಲ್ಲಿ ಫೋಟೋ ತೆಗೆದೆ, ಒಂದೊಂದು ಕಾಳನ್ನೂ ಚೌಕವಾಗಿ ಕತ್ತರಿಸಿ ಬೇರೆ ಮಾಡಿದೆ. ಹೊಸ ಲಾಟ್‌ನ ಕಾಳಿಗೆಲ್ಲ 'ಒಳ್ಳೆಯದು', ನಡುವಿನದಕ್ಕೆ 'ಪರವಾಗಿಲ್ಲ', ಹಳೆಯದಕ್ಕೆ 'ಕೆಟ್ಟದ್ದು' ಅಂತ ಹಣೆಪಟ್ಟಿ ಕಟ್ಟಿ ಒಂದು ನ್ಯೂರಲ್ ನೆಟ್‌ವರ್ಕ್‌ಗೆ (ಉದಾಹರಣೆ ನೋಡಿ ತಾನೇ ಕಲಿಯುವ ತಂತ್ರಾಂಶ, ನಾನು ಮಾಡೆಲ್ ಅನ್ನುವುದು ಇದನ್ನೇ) ಕಲಿಸಿದೆ. ಹತ್ತರಲ್ಲಿ ಎರಡು ಭಾಗ ಫೋಟೋ ಪರೀಕ್ಷೆಗೆ ಅಂತ ಬೇರೆ ಇಟ್ಟಿದ್ದೆ. ಅದರ ಮೇಲೆ ಓಡಿಸಿದರೆ ತಪ್ಪೇ ಇಲ್ಲ ಅನ್ನುವಷ್ಟು ಚೆನ್ನಾಗಿ ಬಂತು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ.

ಆಮೇಲೆ ನಾಲ್ಕನೆಯ ಲಾಟ್ ಸಿಕ್ಕಿತು. ಮೊಳಕೆ ಚೆನ್ನಾಗಿಯೇ ಬಂತು, ಸಸಿಗಳೂ ದಪ್ಪಗೆ, ನೆಟ್ಟಗೆ ಇದ್ದವು. ಮಾಡೆಲ್ ಮಾತ್ರ ಅದರಲ್ಲಿ ಮುಕ್ಕಾಲು ಪಾಲು ಕಾಳನ್ನು 'ಕೆಟ್ಟದ್ದು' ಎಂದಿತು. ಮತ್ತೆ ಫೋಟೋ ತೆಗೆದೆ, ಈ ಸಲ 'ಪರವಾಗಿಲ್ಲ' ಎಂದಿತು. ಅದೇ ಕಾಳು, ಅದೇ ಫೋನು!

ನನ್ನ ಪ್ರಶ್ನೆ ಇಷ್ಟೇ. ಫೋನಿನ ಕ್ಯಾಮೆರಾ ಸಾಲದಾ, ದೊಡ್ಡ ಉಪಕರಣ ಬೇಕಾ? ಇನ್ನೂ ಜಾಸ್ತಿ ಫೋಟೋ ಕೊಟ್ಟರೆ ಸರಿಹೋಗುತ್ತದಾ? ಅಥವಾ ಒಣ ಕಾಳಿನ ಮುಖ ನೋಡಿ ಕಸುವು ಹೇಳುವ ಆಸೆಯೇ ತಪ್ಪಾ?

—

ಮೊಳಕೆಮನೆ:

ನಿಮ್ಮ ಮಾಡೆಲ್ ಏನು ಕಲಿತಿದೆ ಅಂತ ನನಗೆ ಒಂದು ಗುಮಾನಿ ಇದೆ. ಮೂರು ಲಾಟ್‌ಗಳ ಫೋಟೋ ಒಂದೇ ದಿನ, ಒಂದೇ ಬೆಳಕಿನಲ್ಲಿ, ಕಲಸಿ ತೆಗೆದಿರಾ? ಅಥವಾ ಒಂದು ಲಾಟ್ ಮುಗಿಸಿ ಇನ್ನೊಂದಾ? ಎರಡನೆಯದಾದರೆ ನಿಮ್ಮ ನೆಟ್‌ವರ್ಕ್ ಬೀಜ ನೋಡಿದೆ ಅನ್ನುವುದಕ್ಕೆ ಆಧಾರವೇ ಇಲ್ಲ. ಬೆಳಗಿನ ಬೆಳಕು ಅಂದರೆ ಒಳ್ಳೆಯದು, ಸಂಜೆಯ ಹಳದಿ ನೆರಳು ಅಂದರೆ ಕೆಟ್ಟದ್ದು ಅಂತ ಕಲಿತಿರಬಹುದು. ಅದಕ್ಕೆ ಬೈದು ಪ್ರಯೋಜನವಿಲ್ಲ, ಸುಲಭದ ದಾರಿ ಕಂಡರೆ ಅದು ಅದನ್ನೇ ಹಿಡಿಯುತ್ತದೆ.

ಹೀಗೆ ಮಾಡಿ ನೋಡಿ. ಪ್ರತಿ ಚೌಕದಲ್ಲಿ ಕಾಳು ಇರುವ ಜಾಗಕ್ಕೆ ಕಪ್ಪು ಬಣ್ಣ ಬಳಿದು, ಬರೀ ಹಾಳೆಯ ಅಂಚು ಉಳಿಸಿ, ಮತ್ತೆ ಕಲಿಸಿ. ಕಾಳೇ ಇಲ್ಲದ ಫೋಟೋದಿಂದಲೂ 'ಒಳ್ಳೆಯದು, ಕೆಟ್ಟದ್ದು' ಅಂತ ಸರಿಯಾಗಿ ಹೇಳಿದರೆ ಉತ್ತರ ಸಿಕ್ಕಂತೆ.

ಇನ್ನೊಂದು ಮಾತು, ಇದು ಬೆಳಕಿಗಿಂತ ದೊಡ್ಡ ತಪ್ಪು. ಲಾಟ್ ಹಳೆಯದು ಅಂತ ಅದರ ಪ್ರತಿ ಕಾಳಿಗೂ 'ಕೆಟ್ಟದ್ದು' ಅಂತ ಬರೆದಿರಿ. ಅರ್ಧ ಕೊಳೆಯಿತು ಎಂದರೆ ಇನ್ನರ್ಧ ಮೊಳೆತಿದೆ ಅಲ್ವಾ? ಆ ಕಾಳುಗಳು ಏನು ಪಾಪ ಮಾಡಿದ್ದವು? ಹೊಸ ಲಾಟ್‌ನಲ್ಲೂ ನೂರಕ್ಕೆ ಐದಾರು ಸತ್ತ ಕಾಳು ಇದ್ದೇ ಇರುತ್ತದೆ. ಅಂದರೆ ನೀವು ಮಾಡೆಲ್‌ಗೆ ಹೇಳಿಕೊಟ್ಟದ್ದು ಲಾಟ್‌ನ ಹೆಸರು, ಕಾಳಿನ ಗುಣವಲ್ಲ.

ಪದಗಳನ್ನೂ ಸ್ವಲ್ಪ ಬಿಡಿಸಿಕೊಳ್ಳೋಣ. ಮೊಳಕೆಯೊಡೆಯುವುದು ಬೇರೆ, ಕಸುವು ಬೇರೆ. ಮೊಳಕೆ ಪರೀಕ್ಷೆಯಲ್ಲಿ ಬೀಜಕ್ಕೆ ಬೇಕಾದ್ದೆಲ್ಲ ಕೊಟ್ಟು ಮುದ್ದು ಮಾಡುತ್ತೇವೆ: ಸರಿಯಾದ ಬಿಸಿ, ಸರಿಯಾದ ತೇವ, ಸಾಕಷ್ಟು ದಿನ. ಹೊಲದಲ್ಲಿ ತಣ್ಣನೆಯ ಮಣ್ಣು, ಮೇಲೆ ಗಟ್ಟಿಕಟ್ಟಿದ ಪದರ, ಜಾಸ್ತಿ ನೀರು. ಅಲ್ಲಿ ಎಷ್ಟು ಬೇಗ, ಎಷ್ಟು ಒಟ್ಟಿಗೆ, ಎಷ್ಟು ಗಟ್ಟಿಯಾಗಿ ಏಳುತ್ತದೆ ಅನ್ನುವುದು ಕಸುವು. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘ, ಅಂದರೆ 1924ರಲ್ಲಿ ಶುರುವಾದ ಇಸ್ಟಾ, ಕಸುವನ್ನು ಬೀಜದ ಲಾಟ್‌ನ ಗುಣ ಅಂತಲೇ ಹೇಳುತ್ತದೆ, ಅದೂ ಮೊಳಕೆ ಪ್ರಮಾಣ ಒಪ್ಪುವಂತಿರುವ ಲಾಟ್‌ಗಳ ವಿಷಯದಲ್ಲಿ. ಎರಡು ಲಾಟ್‌ನಲ್ಲೂ ನೂರಕ್ಕೆ ತೊಂಬತ್ತೇ ಮೊಳೆತರೂ ಹೊಲದಲ್ಲಿ ಒಂದು ಎದ್ದು ನಿಂತು, ಇನ್ನೊಂದು ಅಲ್ಲಲ್ಲಿ ಬೋಳಾಗಿ ಕಾಣುವುದು ಇದಕ್ಕೇ. ಬೀಜಕ್ಕೆ ವಯಸ್ಸಾಗುವಾಗ ಮೊದಲು ಇಳಿಯುವುದು ಕಸುವು. ಮೊಳಕೆಯ ಶೇಕಡಾ ಬಹಳ ದಿನ ಮೇಲೆಯೇ ಇದ್ದು, ಆಮೇಲೆ ಧೊಪ್ಪನೆ ಬೀಳುತ್ತದೆ.

ನಿಮ್ಮ ಮೂರನೆಯ ಲಾಟ್ ಹಾಗೆ ಬಿದ್ದಾಗಿದೆ. ಅದು ಕೆಟ್ಟಿದೆ ಅಂತ ಹೇಳಲು ಕ್ಯಾಮೆರಾ ಬೇಡ. ಕಷ್ಟ ಇರುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ವ್ಯತ್ಯಾಸ ಹಿಡಿಯುವುದರಲ್ಲಿ.

—

ಕಾಳುಗಣ್ಣು:

ಮಾಡಿದೆ. ಕಾಳಿನ ಮೇಲೆ ಕಪ್ಪು ಬಳಿದು ಮತ್ತೆ ಕಲಿಸಿದೆ. ಬರೀ ಹಾಳೆಯ ತುಂಡು ನೋಡಿಯೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಹೇಳುತ್ತಿದೆ. :(

ಎರಡು ತಿಂಗಳ ಕೆಲಸ. ಗುಡ್ಡ ಅಗೆದು ಇಲಿ ಹಿಡಿದೆ ಅನ್ನಲೂ ಆಗುವುದಿಲ್ಲ, ಇಲಿಯೂ ಸಿಗಲಿಲ್ಲ, ಹಾಳೆ ಸಿಕ್ಕಿತು. ಹೌದು, ಒಂದೊಂದು ಲಾಟ್ ಒಂದೊಂದು ದಿನ ತೆಗೆದಿದ್ದೆ. ಕೊನೆಯದನ್ನು ಟ್ಯೂಬ್‌ಲೈಟ್ ಕೆಳಗೆ.

ಸರಿ, ಮೊದಲಿನಿಂದ ಶುರು ಮಾಡುತ್ತೇನೆ. ಫೋಟೋ ಹೇಗೆ ತೆಗೆಯಬೇಕು ಅಂತ ಯಾರಾದರೂ ಹೇಳಿಕೊಡಿ. ಪುಸ್ತಕದ ಮಾತು ಬೇಡ, ಕೈಯಾರೆ ಮಾಡಿದವರು ಹೇಳಿ.

—

ಪಿಕ್ಸೆಲ್‌ಪುಡಿ:

ಬೇಜಾರು ಮಾಡಿಕೊಳ್ಳಬೇಡಿ, ಈ ಕೆಲಸ ಮಾಡಿದವರೆಲ್ಲ ಒಮ್ಮೆ ಹಾಳೆಗೆ ಪಾಠ ಹೇಳಿಕೊಟ್ಟಿರುತ್ತಾರೆ. ನಾನು ಹೇಳಿಕೊಟ್ಟದ್ದು ತಟ್ಟೆಯ ಅಂಚಿಗೆ.

ಫೋನ್ ಬಿಡಿ, ಮೊದಲು ಒಂದು ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರ್ ಹುಡುಕಿ. ಕಾಗದ ಸ್ಕ್ಯಾನ್ ಮಾಡುತ್ತಾರಲ್ಲ, ಅದೇ. ಬೀಜಕ್ಕೆ ಅದರಷ್ಟು ಒಳ್ಳೆಯ ಕ್ಯಾಮೆರಾ ಇಲ್ಲ. ಬೆಳಕು ಅದರೊಳಗೇ ಇದೆ, ದೂರ ಬದಲಾಗುವುದಿಲ್ಲ, ಅಳತೆ ತಾನಾಗಿ ಸಿಗುತ್ತದೆ. 300 ಡಿಪಿಐಗೆ (ಇಂಚಿಗೆ 300 ಚುಕ್ಕಿ) ಇಟ್ಟರೆ ಒಂದು ಪಿಕ್ಸೆಲ್ ಸುಮಾರು 0.085 ಮಿಲಿಮೀಟರ್. 600ಕ್ಕೆ ಅದರ ಅರ್ಧ. 7 ಮಿಲಿಮೀಟರ್ ಅಗಲದ ಸೋಯಾ ಕಾಳು 600ರಲ್ಲಿ ನೂರಾ ಅರವತ್ತು ಪಿಕ್ಸೆಲ್ ದಾಟುತ್ತದೆ, ಆಕಾರಕ್ಕೂ ಬಣ್ಣಕ್ಕೂ ಅಷ್ಟು ಧಾರಾಳ ಸಾಕು. ಸಿಪ್ಪೆಯ ಕೂದಲೆಳೆ ಬಿರುಕು ಬೇಕು ಅಂದರೆ 1200ಕ್ಕೆ ಹೋಗಿ, ಫೈಲ್ ದೊಡ್ಡದಾಗುತ್ತದೆ, ಅಷ್ಟೇ. ಆದರೆ ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಸ್ಕ್ಯಾನರ್‌ಗಳಲ್ಲಿ ಸಿಸಿಡಿ, ಸಿಐಎಸ್ ಅಂತ ಎರಡು ಜಾತಿ. ತೆಳ್ಳಗಿರುವ ಸಿಐಎಸ್ ಜಾತಿ ಗಾಜಿಗೆ ಅಂಟಿದ ಕಾಗದವನ್ನು ಮಾತ್ರ ಚೊಕ್ಕವಾಗಿ ನೋಡುತ್ತದೆ, ಸ್ವಲ್ಪ ಮೇಲಿದ್ದರೆ ಮಸುಕು. ಉರುಟು ಕಾಳಿಗೆ ಅದು ಆಗಿಬರುವುದಿಲ್ಲ. ದಪ್ಪಗಿರುವ ಹಳೆಯ ಸಿಸಿಡಿ ಸ್ಕ್ಯಾನರೇ ಬೇಕು.

ಹಿನ್ನೆಲೆ ಬಿಳಿ ಇಡಬೇಡಿ. ಹಳದಿ ಸೋಯಾಗೆ ನೀಲಿ ಹಾಳೆ ಒಳ್ಳೆಯದು, ಕಾಳಿನ ಬಣ್ಣಕ್ಕೂ ಅದಕ್ಕೂ ಹೊಂದಾಣಿಕೆಯೇ ಇಲ್ಲ, ಕಂಪ್ಯೂಟರ್ ಸಲೀಸಾಗಿ ಬೇರೆ ಮಾಡುತ್ತದೆ. ಸ್ಕ್ಯಾನರ್ ಮುಚ್ಚಳ ತೆರೆದಿಟ್ಟು ಮೇಲೆ ಕಪ್ಪು ಒಳಮೈಯ ಒಂದು ರಟ್ಟಿನ ಡಬ್ಬ ಕವುಚಿದರೂ ನಡೆಯುತ್ತದೆ. ಮೂಲೆಯಲ್ಲಿ ಬಣ್ಣದ ಕಾರ್ಡ್ ಒಂದು ಯಾವಾಗಲೂ ಇರಲಿ, ಪ್ರತಿ ಚಿತ್ರದಲ್ಲೂ. ಸ್ಕ್ಯಾನರ್ ತಂತ್ರಾಂಶ ತನ್ನಷ್ಟಕ್ಕೆ ಬಣ್ಣ 'ಚೆಂದ' ಮಾಡುವ ಆಯ್ಕೆ ಇರುತ್ತದೆ, ಅದನ್ನು ಆಫ್ ಮಾಡಿ. ಚಿತ್ರ ಉಳಿಸುವಾಗ ಜೆಪೆಗ್ ಬೇಡ, ಟಿಫ್ ಅಥವಾ ಪಿಎನ್‌ಜಿ.

ಕಾಳು ಒಂದಕ್ಕೊಂದು ತಾಗದಂತೆ ಇಟ್ಟರೆ ಅರ್ಧ ತಲೆನೋವು ಕಮ್ಮಿ. ತಾಗಿದರೆ ವಾಟರ್‌ಶೆಡ್ ಅನ್ನುವ ವಿಧಾನದಿಂದ ಬಿಡಿಸಬಹುದು. ಉರುಟು ಕಾಳಿಗೆ ಅದು ಸರಿಯಾಗಿ ಬರುತ್ತದೆ, ಉದ್ದ ಕಾಳನ್ನು ಮಾತ್ರ ಅದು ಸುಮ್ಮಸುಮ್ಮನೆ ನಡುವೆ ಕತ್ತರಿಸುವುದುಂಟು. ಅದಕ್ಕಿಂತ ಗುಳಿಗಳಿರುವ ಒಂದು ಜಾಲರಿ ಮಾಡಿಕೊಳ್ಳಿ, ಹತ್ತು ಸಾಲು, ಸಾಲಿಗೆ ಹತ್ತು. ಇದರ ಲಾಭ ಮುಂದೆ ಗೊತ್ತಾಗುತ್ತದೆ. ಅಳತೆಗೆ ಇಮೇಜ್‌ಜೆ ಅನ್ನುವ ತಂತ್ರಾಂಶ ಸಾಕು, ಉಚಿತ. ನೆಟ್‌ವರ್ಕ್‌ಗೆ ಕಲಿಸಿದವರಿಗೆ ಕೋಡ್ ಬರುತ್ತದಲ್ಲ, ಹಾಗಾದರೆ ಚಿತ್ರ ಅಳೆಯುವ ಓಪನ್‌ಸಿವಿ ಕೋಡ್ ಸಂಗ್ರಹ ಇನ್ನೂ ಸುಲಭ.

ಇನ್ನು ಒಣ ಕಾಳಿನ ಚಿತ್ರದಲ್ಲಿ ಏನು ಸಿಗುತ್ತದೆ? ಸಿಗುತ್ತದೆ, ಕಡಿಮೆಯೇನಲ್ಲ. ಗಾತ್ರ, ಗಾತ್ರದ ಏರುಪೇರು, ಬೇರೆ ತಳಿಯ ಕಲಬೆರಕೆ, ಒಕ್ಕಣೆಯಲ್ಲಿ ಒಡೆದ ಸಿಪ್ಪೆ. ಕೊಯ್ಲಿಗೆ ಮುಂಚೆ ಮಳೆಗೆ ನೆಂದು ಒಣಗಿದ ಸೋಯಾದಲ್ಲಿ ಸಿಪ್ಪೆ ಸುಕ್ಕುಗಟ್ಟಿರುತ್ತದೆ, ಅದು ಕಸುವಿಗೆ ನಿಜವಾಗಿ ಸಂಬಂಧಪಟ್ಟ ಗುರುತು. ಹಸಿರು ಉಳಿದ ಕಾಳು ಕಂಡರೆ ಅದು ಸರಿಯಾಗಿ ಬಲಿಯದೆ ಬಲವಂತಕ್ಕೆ ಒಣಗಿದ್ದು. ಸರ್ಕೋಸ್ಪೋರಾ ಶಿಲೀಂಧ್ರ ಮಾಡುವ ನೇರಳೆ ಕಲೆಯಂತೂ ಚಿಕ್ಕ ಮಗು ಗುರುತಿಸುತ್ತದೆ. ಕಲೆ ಕಂಡ ಮಾತ್ರಕ್ಕೆ ಬೀಜ ಸತ್ತಿದೆ ಅಂದುಕೊಳ್ಳಬೇಡಿ, ಕಣ್ಣಿಗೆ ಕೆಟ್ಟದಾಗಿ ಕಾಣುವ ಎಷ್ಟೋ ಕಾಳು ಚೆನ್ನಾಗಿಯೇ ಮೊಳೆಯುತ್ತವೆ. ಎರಡೂ ಮಗ್ಗುಲು ಸ್ಕ್ಯಾನ್ ಮಾಡಿ. ಬಿರುಕು ಯಾವಾಗಲೂ ಕೆಳಗಿನ ಮಗ್ಗುಲಲ್ಲೇ ಅಡಗಿರುತ್ತದೆ, ಇದು ನನ್ನ ಅನುಭವದ ಶಾಪ.

—

ಹಳೇಕೂರಿಗೆ:

ಇಷ್ಟೆಲ್ಲ ಯಾಕೆ ಅಂತ ಕೇಳುವವನು ಒಬ್ಬ ಬೇಕಲ್ಲ, ನಾನೇ ಕೇಳುತ್ತೇನೆ.

ಸೋಯಾದ ಕಸುವು ತಿಳಿಯಬೇಕಾ? ಜಾಲರಿಯ ಮೇಲೆ ಒಂದು ಪದರ ಬೀಜ, ಕೆಳಗೆ ನೀರು, ಮುಚ್ಚಿದ ಡಬ್ಬ, 41 ಡಿಗ್ರಿ ಸೆಲ್ಸಿಯಸ್, 72 ಗಂಟೆ. ತೆಗೆದು ಮೊಳಕೆಗೆ ಹಾಕಿ. ಅವಸರದ ಮುಪ್ಪಿನ ಪರೀಕ್ಷೆ ಅಂದರೆ ಇದೇ. ಇಷ್ಟು ಹಿಂಸೆ ತಡೆದು ಎದ್ದದ್ದು ಕಸುವುಳ್ಳ ಲಾಟ್, ಮಲಗಿದ್ದು ಅಲ್ಲ. ಬಟಾಣಿಯಾದರೆ ಇನ್ನೂ ಸುಲಭ. ತೂಕ ಮಾಡಿದ 50 ಬೀಜ, 250 ಮಿಲಿಲೀಟರ್ ಶುದ್ಧ ನೀರು, 20 ಡಿಗ್ರಿಯಲ್ಲಿ 24 ಗಂಟೆ, ಆಮೇಲೆ ನೀರಿನ ವಿದ್ಯುತ್ ವಾಹಕತೆ ಅಳೆಯುವುದು. ಮುಪ್ಪಾದ ಬೀಜದ ಜೀವಕೋಶದ ಪೊರೆ ಸೋರುತ್ತದೆ, ಒಳಗಿನ ಲವಣ ನೀರಿಗೆ ಬರುತ್ತದೆ, ಮೀಟರ್ ಏರುತ್ತದೆ. ಪೊರೆ ಸೋರುವುದನ್ನು ನಿಮ್ಮ 1200 ಡಿಪಿಐ ಸ್ಕ್ಯಾನರ್ ತೋರಿಸುತ್ತದಾ? ತೋರಿಸುವುದಿಲ್ಲ. ಹೊರಗೆ ಹೊಳೆಯುವ ಕಾಳಿನ ಒಳಗೆ ಮನೆ ಕುಸಿದಿರಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಸ್ವಾಮಿ.

ಕ್ಯಾಮೆರಾ ಮಾರುವವರು ಬಂದು ಒಂದೇ ಕ್ಲಿಕ್‌ನಲ್ಲಿ ಕಸುವು ಅಂತ ತೋರಿಸಿ ಹೋಗುವುದನ್ನು ನೋಡಿ ಸಾಕಾಗಿದೆ. ತೋರಿಸಲು ಅವರು ತರುವ ಬೀಜ ಯಾವಾಗಲೂ ಎರಡೇ ಥರ. ಒಂದು ಚಿನ್ನದಂಥದ್ದು, ಇನ್ನೊಂದು ಬೂಷ್ಟು ಹಿಡಿದದ್ದು.

—

ಮೊಳಕೆಮನೆ:

ಹಳೇಕೂರಿಗೆಯವರ ಸಿಡುಕು ಅರ್ಧ ಸರಿ. ಒಣ ಕಾಳಿನ ಫೋಟೋದ ಬಗ್ಗೆ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಚಿತ್ರ ಅಂದರೆ ಒಣ ಕಾಳಿನ ಚಿತ್ರವೇ ಆಗಬೇಕು ಅಂತ ಯಾರು ಹೇಳಿದರು? 'ಬೆಳೆಯ ಸಿರಿ ಮೊಳಕೆಯಲ್ಲಿ ನೋಡು' ಅನ್ನುತ್ತಾರೆ. ಕಾಳಿನಲ್ಲಿ ನೋಡು ಅನ್ನಲಿಲ್ಲ.

ಕಸುವು ಅನ್ನುವುದು ಬಹುಮಟ್ಟಿಗೆ ಹೊತ್ತಿನ ಲೆಕ್ಕ. ಒಣ ಬೀಜಕ್ಕೆ ನೀರು ಸಿಕ್ಕಾಗ ಮೊದಲು ಗಬಗಬ ಕುಡಿಯುತ್ತದೆ, ಊದಿಕೊಳ್ಳುತ್ತದೆ. ಇದನ್ನು ನೋಡಿ ಮೋಸ ಹೋಗಬೇಡಿ, ಸತ್ತ ಬೀಜವೂ ಹಾಗೇ ಊದುತ್ತದೆ. ಆಮೇಲೆ ಒಂದು ವಿರಾಮ. ಹೊರಗೆ ಏನೂ ಕಾಣುವುದಿಲ್ಲ, ಒಳಗೆ ದುರಸ್ತಿ ನಡೆಯುತ್ತಿರುತ್ತದೆ, ಹಾಳಾದ ಪೊರೆ, ಮುರಿದ ಡಿಎನ್‌ಎ ಎಲ್ಲ ರಿಪೇರಿ. ಮುಪ್ಪು ಜಾಸ್ತಿಯಾದಷ್ಟೂ ದುರಸ್ತಿ ಜಾಸ್ತಿ, ವಿರಾಮವೂ ಉದ್ದ. ಕೊನೆಗೆ ಎಳೆಬೇರು ಸಿಪ್ಪೆ ಸೀಳಿ ಹೊರಗೆ ಬರುತ್ತದೆ. ಆ ಹೊತ್ತು ಎಷ್ಟು ತಡವಾಯಿತು ಅನ್ನುವುದರಲ್ಲೇ ಬೀಜದ ಇತಿಹಾಸ ಇದೆ. ಹೊರಗಿನಿಂದ ಕಾಣದ ಸೋರಿಕೆ, ಸವಕಳಿ ಎಲ್ಲ ಈ ತಡದಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೇ ಮೆಕ್ಕೆಜೋಳಕ್ಕೆ ಇಸ್ಟಾ ಒಪ್ಪಿದ ಕಸುವಿನ ಪರೀಕ್ಷೆ ಏನು ಗೊತ್ತಾ? 20 ಡಿಗ್ರಿಯಲ್ಲಿ ಇಟ್ಟು, ಸರಿಯಾಗಿ 66 ಗಂಟೆಗೆ, ಎಷ್ಟಕ್ಕೆ 2 ಮಿಲಿಮೀಟರ್ ಬೇರು ಬಂದಿದೆ ಅಂತ ಎಣಿಸುವುದು. ಅಷ್ಟೇ. ಏಳು ದಿನ ಕಾದರೆ ಎರಡು ಲಾಟ್ ಒಂದೇ ಸಮ ಕಾಣುತ್ತವೆ, 66ನೇ ಗಂಟೆಯಲ್ಲಿ ಅವುಗಳ ನಡುವಿನ ಅಂತರ ಎದ್ದು ಕಾಣುತ್ತದೆ.

ಇಲ್ಲಿ ಕ್ಯಾಮೆರಾ ನಿಜವಾಗಿ ಕೆಲಸಕ್ಕೆ ಬರುತ್ತದೆ, ಯಾಕೆಂದರೆ 66ನೇ ಗಂಟೆ ನಡುರಾತ್ರಿ ಬೀಳಬಹುದು, ಮನುಷ್ಯ ನಿದ್ದೆ ಮಾಡಬೇಕು. ಅರ್ಧ ಗಂಟೆಗೊಂದು ಚಿತ್ರ ತೆಗೆದುಕೊಂಡರೆ ಪ್ರತಿ ಬೀಜಕ್ಕೂ ಬೇರು ಬಂದ ಹೊತ್ತು ಸಿಗುತ್ತದೆ. ಅದರಿಂದ ಅರ್ಧದಷ್ಟು ಬೀಜ ಮೊಳೆಯಲು ಹಿಡಿದ ಸಮಯ, ಎಲ್ಲವೂ ಒಟ್ಟಿಗೆ ಎದ್ದವಾ ಅಥವಾ ಒಂದೊಂದಾಗಿ ಎಳೆದಾಡಿದವಾ ಅನ್ನುವುದು, ಎಲ್ಲ ಲೆಕ್ಕ ಹಾಕಬಹುದು. ನನ್ನ ಮಟ್ಟಿಗೆ ಈ ಒಟ್ಟಿಗೆ ಏಳುವ ಗುಣಕ್ಕೆ ಬೆಲೆ ಜಾಸ್ತಿ.

ಸಸಿಯ ಉದ್ದದಿಂದ ಲೆಕ್ಕ ಹಾಕುವುದು ಹಳೆಯ ದಾರಿ. 1973ರಲ್ಲಿ ಅಬ್ದುಲ್-ಬಾಕಿ ಮತ್ತು ಆಂಡರ್ಸನ್ ಸೋಯಾಬೀನ್ ಮೇಲೆ ಕೆಲಸ ಮಾಡಿ ಕೊಟ್ಟ ಸೂಚ್ಯಂಕ ಈಗಲೂ ಎಲ್ಲರ ಬಾಯಲ್ಲಿದೆ: ಮೊಳಕೆಯ ಶೇಕಡಾವನ್ನು ಸಸಿಯ ಸರಾಸರಿ ಉದ್ದದಿಂದ ಗುಣಿಸುವುದು. ಸ್ಕೇಲ್ ಹಿಡಿದು ನೂರಾರು ಸಸಿ ಅಳೆದವರಿಗೆ ಬೆನ್ನುನೋವು ಗೊತ್ತು. 2001ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಇದನ್ನೇ ಸ್ಕ್ಯಾನರ್‌ಗೆ ಒಪ್ಪಿಸಿದರು. ಮೂರು ದಿನದ ಲೆಟ್ಯೂಸ್ ಸಸಿಗಳನ್ನು ಸ್ಕ್ಯಾನ್ ಮಾಡಿ, ಬೆಳೆದ ವೇಗ ಮತ್ತು ಒಂದೇ ಸಮ ಇರುವಿಕೆ ಎರಡನ್ನೂ ಸೇರಿಸಿ 0ಯಿಂದ 1000ದವರೆಗಿನ ಒಂದು ಅಂಕ ಕೊಡುವ ವ್ಯವಸ್ಥೆ. ಆಮೇಲೆ ಸೋಯಾ, ಮೆಕ್ಕೆಜೋಳಕ್ಕೂ ಅದನ್ನು ಹಿಗ್ಗಿಸಿದರು. ಅದರಲ್ಲಿ ಯಾವ ನ್ಯೂರಲ್ ನೆಟ್‌ವರ್ಕೂ ಇಲ್ಲ, ಸಸಿಯ ಚಿತ್ರವನ್ನು ಒಂದೆಳೆ ಗೆರೆಯಾಗಿ ಸವೆಸಿ ಆ ಗೆರೆ ಅಳೆಯುವುದು ಮುಖ್ಯ ಕೆಲಸ.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. ಪೆಟ್ರಿ ತಟ್ಟೆಯ (ಮೊಳಕೆಗೆ ಇಡುವ ಚಪ್ಪಟೆ ಪಾರದರ್ಶಕ ತಟ್ಟೆ) ಮುಚ್ಚಳದಲ್ಲಿ ಹನಿ ಕಟ್ಟಿ ಏನೂ ಕಾಣದಂತಾಗುತ್ತದೆ. ಬೇರುಗಳು ಒಂದರ ಮೇಲೊಂದು ಹೆಣೆದುಕೊಂಡರೆ ಯಾವ ತಂತ್ರಾಂಶವೂ ಸರಿಯಾಗಿ ಬಿಡಿಸುವುದಿಲ್ಲ, ಅದಕ್ಕೇ ಬೇಗ ಅಳೆಯಬೇಕು, ಮೂರನೇ ದಿನಕ್ಕೇ. ಬೇರಿನ ಮೇಲಿನ ನವಿರು ರೋಮ ಕಂಪ್ಯೂಟರ್ ಕಣ್ಣಿಗೆ ಬೂಷ್ಟಿನ ಹಾಗೆ ಕಾಣುತ್ತದೆ. ಬೀಜ ಊದುವಾಗ ಉರುಳುತ್ತದೆ, ಪಕ್ಕದ್ದನ್ನು ತಳ್ಳುತ್ತದೆ, ನಿಮ್ಮ 37ನೇ ಬೀಜ 38 ಆಗಿಬಿಡುತ್ತದೆ. ಗುಳಿ ಜಾಲರಿ ಯಾಕೆ ಅಂತ ಈಗ ಗೊತ್ತಾಯಿತಲ್ಲ? ಇನ್ನೊಂದು, ಕೋಣೆಯ ಉಷ್ಣತೆ. ಬೇರು ಬರುವ ಹೊತ್ತು ಉಷ್ಣತೆಯ ಮೇಲೆ ಎಷ್ಟು ನಿಂತಿದೆ ಅಂದರೆ, ಒಂದೆರಡು ಡಿಗ್ರಿ ಆಚೀಚೆ ಆದರೆ ನೀವು ಅಳೆದದ್ದು ಬೀಜವನ್ನಲ್ಲ, ಕೋಣೆಯನ್ನು.

—

ತೂಕದಬೊಟ್ಟು:

ಎಲ್ಲರೂ ಕ್ಯಾಮೆರಾ ಬಗ್ಗೆ ಮಾತಾಡುತ್ತಿದ್ದೀರಿ, ಎಣಿಕೆಯ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ.

ಮೊಳಕೆ ಪರೀಕ್ಷೆಗೆ 400 ಬೀಜ ಯಾಕೆ, ನೂರು ನೂರರಂತೆ ನಾಲ್ಕು ಸಲ ಯಾಕೆ ಅಂತ ಯೋಚಿಸಿದ್ದೀರಾ? ನಿಜವಾದ ಮೊಳಕೆ 85 ಶೇಕಡಾ ಇರುವ ಲಾಟ್‌ನಿಂದ 400 ಬೀಜ ತೆಗೆದರೆ ಬರುವ ಉತ್ತರ ಬರೀ ಅದೃಷ್ಟದಿಂದಲೇ ಮೂರೂವರೆ ಅಂಶ ಆಚೀಚೆ ಆಗಬಹುದು. ನೂರೇ ಬೀಜವಾದರೆ ಏಳು. 50 ಬೀಜವಾದರೆ ಹತ್ತು ಹತ್ತಿರ. ಅಂದರೆ 50 ಕಾಳಿನ ಮೇಲೆ ನಿಂತು ಈ ಲಾಟ್ 80, ಆ ಲಾಟ್ 88 ಅಂತ ಹೇಳುವವರು ಕವಡೆ ಹಾಕುತ್ತಿದ್ದಾರೆ, ಅಷ್ಟೇ. ಕ್ಯಾಮೆರಾ ಎಷ್ಟು ಚೆನ್ನಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಎರಡನೆಯದು, ಮಾಡೆಲ್‌ನ ಅಂಕ. ಒಂದು ಲಾಟ್‌ನಲ್ಲಿ ನೂರಕ್ಕೆ 92 ಬೀಜ ಮೊಳೆಯುತ್ತದೆ ಅಂದುಕೊಳ್ಳಿ. ಕಣ್ಣು ಮುಚ್ಚಿ 'ಎಲ್ಲ ಒಳ್ಳೆಯದು' ಅನ್ನುವ ಮಾಡೆಲ್‌ಗೂ 92 ಅಂಕ! ಆದ್ದರಿಂದ ಒಟ್ಟು ಅಂಕ ಕೇಳಬೇಡಿ. ಸತ್ತ ಎಂಟರಲ್ಲಿ ಎಷ್ಟು ಹಿಡಿಯಿತು, ಹಿಡಿಯುವಾಗ ಎಷ್ಟು ಬದುಕಿದ್ದನ್ನು ಸುಮ್ನೆ ಸಾಯಿಸಿತು, ಈ ಎರಡನ್ನು ಕೇಳಿ.

ಮೂರನೆಯದು ಕಾಳುಗಣ್ಣು ಅವರಿಗೆ ನೇರವಾಗಿ. ನೀವು ಪರೀಕ್ಷೆಗೆ ಬೇರೆ ಇಟ್ಟ ಫೋಟೋಗಳು ಅದೇ ಮೂರು ಲಾಟ್‌ನವು. ಅದು ಪರೀಕ್ಷೆಯೇ ಅಲ್ಲ, ಉತ್ತರ ಹೇಳಿಕೊಟ್ಟು ಅದೇ ಪ್ರಶ್ನೆ ಕೇಳಿದ ಹಾಗೆ. ಬೇರೆ ಇಡುವುದಾದರೆ ಒಂದು ಇಡೀ ಲಾಟ್ ಬೇರೆ ಇಡಿ. ಕಲಿಸುವಾಗ ಅದರ ಒಂದು ಕಾಳನ್ನೂ ತೋರಿಸಬೇಡಿ. ಮೂರು ಲಾಟ್ ಇದ್ದರೆ ಅದು ಮೂರು ಮಾದರಿ, ಮೂರು ಸಾವಿರ ಕಾಳು ಇದ್ದರೂ ಮೂರೇ. ಹತ್ತಿಪ್ಪತ್ತು ಲಾಟ್ ಕೂಡಿಸದೆ ಕಸುವಿನ ಮಾತು ಎತ್ತಬೇಡಿ.

ಲಾಟ್ ಸಿಗದಿದ್ದರೆ ಒಂದೇ ಲಾಟನ್ನು ಹಳೇಕೂರಿಗೆಯವರ ಡಬ್ಬದಲ್ಲಿ 24, 48, 72 ಗಂಟೆ ಇಟ್ಟು ಬೇರೆ ಬೇರೆ ಮುಪ್ಪು ತರಿಸುವ ಉಪಾಯ ಎಲ್ಲರೂ ಮಾಡುತ್ತಾರೆ. ಮಾಡಿ, ಆದರೆ ಅಲ್ಲಿಂದ ಬಂದ ಬೀಜ ನೀರು ಕುಡಿದು ದಪ್ಪ ಆಗಿರುತ್ತದೆ. ಒಣಗಿಸಿ ಮೊದಲಿನ ತೇವಾಂಶಕ್ಕೆ ತರದೆ ಫೋಟೋ ತೆಗೆದರೆ ಮಾಡೆಲ್ ಗಾತ್ರ ನೋಡಿ ಮುಪ್ಪು ಹೇಳುತ್ತದೆ, ಮತ್ತೆ ಅದೇ ಕಥೆ. ಆ ಡಬ್ಬಕ್ಕೆ ಹೋಗದ ಲಾಟನ್ನೂ ಒಮ್ಮೆ ತೇವ ಮಾಡಿ ಒಣಗಿಸಿ, ಸಿಪ್ಪೆಯ ಮೇಲಿನ ಗುರುತು ಸಮ ಆಗಲಿ. ಗೋದಾಮಿನಲ್ಲಿ ನಿಧಾನ ಬರುವ ಮುಪ್ಪು ಈ ಡಬ್ಬದ ಮುಪ್ಪಿನ ಹಾಗೇ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ.

—

ಕಾಳುಗಣ್ಣು:

ತೂಕದಬೊಟ್ಟು ಅವರೇ, ಉಗಿದಿದ್ದಕ್ಕೆ ಧನ್ಯವಾದ, ನಿಜವಾಗಿ.

ಒಂದು ಸಣ್ಣ ಪ್ರಶ್ನೆ. ಎಕ್ಸ್-ರೇ, ಮಲ್ಟಿಸ್ಪೆಕ್ಟ್ರಲ್ ಅಂತೆಲ್ಲ ಓದುತ್ತೇನಲ್ಲ. ಒಣ ಕಾಳಿನ ಒಳಗನ್ನು ನೋಡುವ ದಾರಿ ಅದೇ ಅಲ್ವಾ? ಹಾಗಾದರೆ ಕಸುವು ಅಲ್ಲಿ ಸಿಗಬಾರದಾ?

—

ಪಿಕ್ಸೆಲ್‌ಪುಡಿ:

ಸ್ವಲ್ಪ ಸಿಗುತ್ತದೆ. ಎಕ್ಸ್-ರೇ ಹೊಸದೇನಲ್ಲ, 1950ರ ದಶಕದಲ್ಲೇ ಸ್ವೀಡನ್‌ನಲ್ಲಿ ಪೈನ್ ಮರದ ಬೀಜಕ್ಕೆ ಬಳಸಿದ್ದರು. ಮರದ ಬೀಜಗಳಲ್ಲಿ ಜೊಳ್ಳು ಬಹಳ, ಹೊರಗಿನಿಂದ ಗೊತ್ತಾಗುವುದಿಲ್ಲ, ಎಕ್ಸ್-ರೇಯಲ್ಲಿ ತಕ್ಷಣ ಕಾಣುತ್ತದೆ. ಹುಳು ತಿಂದದ್ದು, ಒಳಗೆ ಬಿರಿದದ್ದು, ಭ್ರೂಣ ಪೂರ್ತಿ ಬೆಳೆಯದ್ದು, ಇವೂ ಕಾಣುತ್ತವೆ. ಟೊಮೆಟೊ ಬೀಜದಲ್ಲಿ ಭ್ರೂಣದ ಸುತ್ತ ಖಾಲಿ ಜಾಗ ಎಷ್ಟಿದೆ ಅಂತ ನೋಡಿ ಗುಣ ಅಂದಾಜು ಮಾಡುತ್ತಾರೆ. ಆದರೆ ಅದು ತೋರಿಸುವುದು ಒಳಗಿನ ಆಕಾರ. ಎಲ್ಲ ಅಂಗಾಂಗ ನೆಟ್ಟಗಿದ್ದೂ ಮುಪ್ಪಾಗಿ ಸತ್ತ ಬೀಜ ಎಕ್ಸ್-ರೇಯಲ್ಲಿ ಆರೋಗ್ಯವಂತನ ಹಾಗೇ ನಗುತ್ತದೆ.

ನನಗೆ ಇಷ್ಟವಾದದ್ದು ಹರಿತ್ತಿನ ಹೊಳಪು ಅಳೆಯುವ ವಿಧಾನ. ಬೀಜ ಬಲಿಯುತ್ತಾ ಸಿಪ್ಪೆಯ ಹರಿತ್ತು, ಅಂದರೆ ಕ್ಲೋರೋಫಿಲ್, ಕರಗುತ್ತದೆ. ಸರಿಯಾದ ಕೆಂಪು ಬೆಳಕು ಬಿಟ್ಟರೆ ಉಳಿದ ಹರಿತ್ತು ಮಿನುಗುತ್ತದೆ. ಕಣ್ಣಿಗೆ ಹಸಿರು ಕಾಣದಿದ್ದರೂ ಮಿನುಗು ಸಿಗುತ್ತದೆ. 1990ರ ದಶಕದ ಕೊನೆಗೆ ಎಲೆಕೋಸಿನ ಬೀಜದ ಮೇಲೆ ಇದನ್ನು ಮಾಡಿ, ಮಿನುಗು ಕಡಿಮೆ ಇರುವ ಬೀಜಗಳೇ ಚೆನ್ನಾಗಿ ಮೊಳೆಯುತ್ತವೆ ಅಂತ ತೋರಿಸಿದರು. ಇದು ಹೇಳುವುದು ಎಷ್ಟು ಬಲಿತಿದೆ ಅಂತ. ಇಟ್ಟು ಇಟ್ಟು ಎಷ್ಟು ಮುಪ್ಪಾಗಿದೆ ಅಂತ ಇದನ್ನು ಕೇಳಬೇಡಿ.

ಮಲ್ಟಿಸ್ಪೆಕ್ಟ್ರಲ್‌ನಲ್ಲಿ ನೇರಳಾತೀತದ ಅಂಚಿನಿಂದ ಅವಗೆಂಪಿನವರೆಗೆ ಇಪ್ಪತ್ತರಷ್ಟು ಬೇರೆ ಬೇರೆ ಬೆಳಕಿನಲ್ಲಿ ಒಂದೊಂದು ಚಿತ್ರ. ಶಿಲೀಂಧ್ರಕ್ಕೆ, ತಳಿ ಬೇರೆ ಮಾಡಲು ಬಹಳ ಒಳ್ಳೆಯದು. ಕಸುವಿಗೆ ಬಂದರೆ ಒಂದು ತಳಿಯಲ್ಲಿ ಕಲಿತದ್ದು ಇನ್ನೊಂದು ತಳಿಗೆ ನಡೆಯುವುದಿಲ್ಲ ಅನ್ನುವ ಜಗಳ ಯಾವಾಗಲೂ ಇದ್ದದ್ದೇ. ನಿಮಗೆ ಸದ್ಯಕ್ಕೆ ಇದ್ಯಾವುದೂ ಬೇಡ.

ಒಳಗಿನ ಜೀವ ನೋಡಲೇಬೇಕು ಅಂದರೆ ಟೆಟ್ರಜೋಲಿಯಂ ಅನ್ನುವ ರಾಸಾಯನಿಕದ ಪರೀಕ್ಷೆ ಮಾಡಿ. ನೆನೆಸಿದ ಬೀಜವನ್ನು ಆ ದ್ರಾವಣದಲ್ಲಿಟ್ಟರೆ ಉಸಿರಾಡುವ ಜೀವಕೋಶ ಕೆಂಪಾಗುತ್ತದೆ, ಸತ್ತದ್ದು ಬಿಳಿ ಉಳಿಯುತ್ತದೆ. ಎಲ್ಲಿ ಕೆಂಪು, ಎಷ್ಟು ಕೆಂಪು ಅಂತ ಓದುವುದು ಪಳಗಿದ ಕಣ್ಣಿನ ಕೆಲಸ, ಇಬ್ಬರು ನೋಡಿದರೆ ಎರಡು ಉತ್ತರ. ಅಲ್ಲಿ ಸ್ಕ್ಯಾನರ್ ಇದ್ದರೆ ವಾದ ಕಮ್ಮಿಯಾಗುತ್ತದೆ. ಬೀಜ ಮಾತ್ರ ಉಳಿಯುವುದಿಲ್ಲ.

—

ಕಾಳುಗಣ್ಣು:

ಸರಿ, ಹೀಗೆ ಅಂದುಕೊಂಡಿದ್ದೇನೆ, ತಪ್ಪಿದ್ದರೆ ಈಗಲೇ ಹೇಳಿ, ಇನ್ನೆರಡು ತಿಂಗಳಾದ ಮೇಲೆ ಬೇಡ.

ಹಳೆಯ ಸಿಸಿಡಿ ಸ್ಕ್ಯಾನರ್ ಒಂದು ಸಿಕ್ಕಿದೆ. ನೀಲಿ ಹಾಳೆ, ನೂರು ಗುಳಿಯ ಜಾಲರಿ. ಒಂದೇ ಜಾಲರಿಯಲ್ಲಿ ಎಲ್ಲ ಲಾಟ್‌ನ ಬೀಜ ಕಲಸಿ ಇಡುತ್ತೇನೆ, ಯಾವ ಗುಳಿಗೆ ಯಾವ ಲಾಟ್ ಅಂತ ಚೀಟಿ ಎತ್ತಿ. ಮೊದಲು ಒಣ ಕಾಳಿನ ಎರಡೂ ಮಗ್ಗುಲು ಸ್ಕ್ಯಾನ್, ಆಮೇಲೆ ಅದೇ ಗುಳಿಯಲ್ಲೇ ನೀರು ಕೊಟ್ಟು ಬೇರು ಬರುವ ಹೊತ್ತು ಹಿಡಿಯುವುದು, ಆಗ ಒಂದೊಂದು ಕಾಳಿಗೂ ಅದರದೇ ಹಣೆಪಟ್ಟಿ ಸಿಗುತ್ತದೆ. ಸಮನಾಗಿ ಇನ್ನೊಂದು ಪಾಲು ಬೀಜಕ್ಕೆ ಡಬ್ಬದ ಪರೀಕ್ಷೆ, ಹಳೇಕೂರಿಗೆಯವರ ಸಮಾಧಾನಕ್ಕೆ. ಎಂಟು ಲಾಟ್ ಆಗಿದೆ, ಹುಡುಕುತ್ತಿದ್ದೇನೆ. ನೆಟ್‌ವರ್ಕ್ ಸದ್ಯಕ್ಕೆ ಪೆಟ್ಟಿಗೆಯಲ್ಲಿ.

ಬೇರು 2 ಮಿಲಿಮೀಟರ್ ಆಯಿತು ಅಂತ ಮೇಲಿನಿಂದ ನೋಡಿ ಗೊತ್ತಾಗುತ್ತದಾ? ಸೋಯಾದಲ್ಲಿ ಅದು ಕೆಳಗೆ ಬಗ್ಗುತ್ತದೆ.

—

ಹಳೇಕೂರಿಗೆ:

ಬಗ್ಗುತ್ತದೆ. ಕಾಳಿನ ಕಣ್ಣನ್ನು (ಕಾಯಿಗೆ ಅಂಟಿದ್ದ ಗುರುತು) ಪಕ್ಕಕ್ಕೆ ತಿರುಗಿಸಿ ಇಡಿ, ಬೇರು ಹೊರಡುವುದು ಅದರ ಹತ್ತಿರದಿಂದಲೇ, ಆಗ ಬಗ್ಗುವ ಮುಂಚೆ ಪಕ್ಕದಲ್ಲಿ ಕಾಣುತ್ತದೆ. ನೂರು ಕಾಳನ್ನೂ ಹಾಗೆ ತಿರುಗಿಸಿ ಇಡಲು ಚಿಮಟ ಬೇಕು, ಅರ್ಧ ಗಂಟೆ ಬೇಕು. ಡಬ್ಬದ ಪರೀಕ್ಷೆಯ ಅಂಕಿ ಬಂದ ಮೇಲೆ ಇಲ್ಲೇ ಹಾಕಿ. ನಿಮ್ಮ ಸ್ಕ್ಯಾನರ್ ಲಾಟ್‌ಗಳನ್ನು ಅದೇ ಸಾಲಿನಲ್ಲಿ ನಿಲ್ಲಿಸಿದ್ದರೆ, ನಾನೂ ಒಂದು ಹಳೆಯ ಸ್ಕ್ಯಾನರ್ ಹುಡುಕುತ್ತೇನೆ.